ಉಪ್ಪಿನ ಜಾಡಿಯ ಮುಚ್ಚಳ

ಬೀದಿಯವರೆಲ್ಲ ಅವಳನ್ನು ಮುಚ್ಚಳದಮ್ಮ ಅನ್ನುತ್ತಾರೆ. ಯಾವಾಗಿನಿಂದ ಅಂತ ಯಾರಿಗೂ ನೆನಪಿಲ್ಲ, ಯಾಕೆ ಅಂತ ಎಲ್ಲರಿಗೂ ಗೊತ್ತು. ಅವಳದು ಮಣ್ಣಿನ ಕೆಲಸ. ಕಪ್ಪು, ಬಟ್ಟಲು, ಹೂದಾನಿ, ಜಾಡಿ, ಕೇಳಿದ್ದನ್ನೆಲ್ಲ ಮಾಡುತ್ತಾಳೆ. ಉಳಿದವರು ಮೊದಲು ಜಾಡಿ ಮಾಡಿ ಆಮೇಲೆ ಅದಕ್ಕೆ ಮುಚ್ಚಳ ಮಾಡಿದರೆ, ಇವಳು ಮೊದಲು ಮುಚ್ಚಳ ಮಾಡಿ ಆಮೇಲೆ ಅದಕ್ಕೊಂದು ಜಾಡಿ ಮಾಡುತ್ತಾಳೆ. ನೋಡಲು ಬಂದವರು ಇದೇನೋ ದೊಡ್ಡ ಕಲೆ ಇರಬೇಕು ಅಂದುಕೊಂಡು ತಲೆದೂಗುತ್ತಾರೆ. ಕಲೆಯೂ ಇಲ್ಲ, ಮಣ್ಣೂ ಇಲ್ಲ. ಅದು ಅವಳ ಅತ್ತೆಯ ಅಡುಗೆಮನೆಯ ಉಪ್ಪಿನ ಸಂಗತಿ.

ಮದುವೆಯಾಗಿ ಬಂದ ಹೊಸತು. ಅಡುಗೆಮನೆ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಚಿಕ್ಕದು. ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಒಲೆಯ ಬಲಗಡೆ ಉಪ್ಪಿನ ಜಾಡಿ. ಹೆಗಲ ತನಕ ಕೆನೆಯ ಬಣ್ಣ, ಮೇಲೆ ಕಂದು, ಅದಕ್ಕೊಂದು ಕಂದು ಮುಚ್ಚಳ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದು ಅಲ್ಲೇ ಕೂತಿತ್ತು. ಹೊಸ ಸೊಸೆ ಮೊದಲ ಸಲ ಒಬ್ಬಳೇ ಅಡುಗೆಗೆ ನಿಂತ ದಿನ ಕೈಯೆಲ್ಲ ಹಬೆಯ ನೀರು. ಮುಚ್ಚಳ ಜಾರಿ ಕಟ್ಟೆಯ ಅಂಚಿಗೆ ಬಡಿದು ಎರಡು ಹೋಳಾಯಿತು. ಒಂದು ಹೋಳು ನೆಲಕ್ಕೆ ಬಿತ್ತು, ಇನ್ನೊಂದು ಕುದಿಯುವ ಪಾತ್ರೆಗೆ.

ಸದ್ದು ಕೇಳಿ ಬಂದ ಅತ್ತೆಗೆ "ಕೈ ತಪ್ತು ಅತ್ತೆ" ಅಂದಳು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಅವತ್ತಿಗೇ ಮುಗಿದುಹೋಗುತ್ತಿತ್ತು. ಸೌಟಿನಿಂದ ಹೋಳನ್ನು ಎತ್ತಿ ಹಾಕಿ, ಸುತ್ತ ನೋಡಿ, ಕೈಗೆ ಹತ್ತಿರ ಸಿಕ್ಕಿದ ಸ್ಟೀಲಿನ ತಟ್ಟೆಯೊಂದನ್ನು ತೆಗೆದು ಜಾಡಿಯ ಮೇಲೆ ಬೋರಲು ಹಾಕಿದರು. ಠಣ್ ಅಂತು.

"ಇರ್ಲಿ ಬಿಡು, ಸದ್ಯಕ್ಕೆ" ಅಂದರು.

ಆ ತಟ್ಟೆ ಸೊಸೆ ತವರಿನಿಂದ ತಂದದ್ದು. ಅಂಚಿನಲ್ಲಿ ಒಂದು ಕಡೆ ಸ್ವಲ್ಪ ನೆಗ್ಗಿದ, ಚಿಕ್ಕಂದಿನಿಂದ ಅವಳು ಉಂಡ ತಟ್ಟೆ. ಅತ್ತೆಗೆ ಅದು ಗೊತ್ತಿರಲಿಲ್ಲ. ಮುಚ್ಚಳ ಒಡೆದವಳು ಯಾವ ಬಾಯಲ್ಲಿ ಹೇಳಿಯಾಳು?

ಸದ್ಯಕ್ಕೆ ಅನ್ನುವುದು ಆ ಮನೆಯಲ್ಲಿ ಬಹಳ ಉದ್ದನೆಯ ಕಾಲ. ಗಂಡ ಬೀಗ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಊರಿನಲ್ಲಿ ಯಾರ ಬೀಗ ಕೆಟ್ಟರೂ ಅವನೇ ಬೇಕು. ಸ್ವಂತ ಬಚ್ಚಲ ಬಾಗಿಲಿಗೆ ಮಾತ್ರ ಸದ್ಯಕ್ಕೆ ಅಂತ ಒಂದು ಹಗ್ಗ ಕಟ್ಟಿದ್ದ. ಆ ಹಗ್ಗ ಇರುವಾಗಲೇ ಮಗಳು ಹುಟ್ಟಿ, ಅಂಬೆಗಾಲಿಟ್ಟು, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೊರಟಳು. ತಟ್ಟೆಯೂ ಹಾಗೇ ಉಳಿಯಿತು.

ಅಡುಗೆಗೆ ಉಪ್ಪು ಹಾಕಿದಾಗಲೆಲ್ಲ ಠಣ್. ಅಂಗಡಿಯಲ್ಲಿ ಕೂತ ಗಂಡನಿಗೆ ಅದು ಒಳ್ಳೆಯ ಅನುಕೂಲವಾಯಿತು. ಸದ್ದು ಕೇಳಿದರೆ ಉಪ್ಪು ಬಿತ್ತು ಅಂತ ಲೆಕ್ಕ, ಉಪ್ಪು ಬಿತ್ತು ಅಂದರೆ ಊಟ ಹತ್ತಿರ ಬಂತು ಅಂತ ಲೆಕ್ಕ. ಕೈತೊಳೆದುಕೊಂಡು ಬಂದು ಕೂರುತ್ತಿದ್ದ. ಅತ್ತೆಗಂತೂ ಅದು ಕಿವಿಗೇ ಬೀಳುತ್ತಿರಲಿಲ್ಲ. ಸೊಸೆಗೆ ಮಾತ್ರ ಆ ಠಣ್ ಒಂದೊಂದು ಸಲವೂ "ನೀನೇ" ಅಂದ ಹಾಗೆ ಕೇಳಿಸುತ್ತಿತ್ತು. ಆ ಸದ್ದು ನಿಂತರೆ ಸಾಕು, ತನಗೆ ಬೇರೇನೂ ಬೇಡ ಅನ್ನಿಸುತ್ತಿತ್ತು.

ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿದಳು. ಅಂಗಡಿಯವನೊಬ್ಬ ನಕ್ಕ. "ಮುಚ್ಚಳ ಮಾತ್ರ ಕೊಡಿ ಅಂದ್ರೆ ಹೇಗಮ್ಮಾ? ಗಂಡು ಬೇಡ, ಮೀಸೆ ಮಾತ್ರ ಕೊಡಿ ಅಂದ ಹಾಗಾಯ್ತು."

ಒಂದು ಸಲ ಮುಚ್ಚಳ ಇರುವ ಹೊಸ ಜಾಡಿಯನ್ನೇ ಕೊಂಡು ತಂದಳು. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಸಕ್ಕರೆ ಹಾಕೋಣ" ಅಂದರು. ಉಪ್ಪು ಇದ್ದಲ್ಲೇ ಇತ್ತು.

ಬಸ್ಸು ನಿಲ್ಲುವ ಜಾಗದ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಹೆಂಚಿನ ಮೇಷ್ಟ್ರು ಅಂತ ಒಬ್ಬರಿದ್ದರು. ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಕಾರ್ಖಾನೆ ಮುಚ್ಚಿದ ಮೇಲೆ, ಬಂದವರಿಗೆ ಮಣ್ಣಿನ ಕೆಲಸ ಹೇಳಿಕೊಡುತ್ತಿದ್ದರು. ಮಗಳನ್ನು ಶಾಲೆಗೆ ಬಿಟ್ಟು ಬರುವ ದಾರಿಯಲ್ಲಿ ಒಂದು ದಿನ ಇವಳು ಬಾಗಿಲಲ್ಲಿ ನಿಂತಳು.

"ಏನು ಕಲೀಬೇಕಮ್ಮಾ?"

"ಒಂದು ಮುಚ್ಚಳ."

"ಒಂದೇನಾ?"

"ಒಂದೇ ಸಾಕು ಮೇಷ್ಟ್ರೇ."

"ಹಾಗಾದ್ರೆ ಒಂದು ವಾರ ಬಾ" ಅಂದರು. ಮೇಷ್ಟ್ರು ಜನ್ಮದಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು. ಅದೂ ಗೊತ್ತಿಲ್ಲದೆ ಹೇಳಿದ್ದು.

ಮಣ್ಣು ನಾದುವುದರಿಂದ ಶುರುವಾಯಿತು. ಒಳಗೆ ಒಂದು ಗುಳ್ಳೆ ಗಾಳಿ ಉಳಿದರೂ ಬೇಯುವಾಗ ಪಾತ್ರೆ ಕೆಟ್ಟಿತು ಅಂತ ತಿಳಿ ಅಂದರು. ಆಮೇಲೆ ತಿಗರಿ. ತಿರುಗುವ ತಿಗರಿಯ ನಟ್ಟನಡುವೆ ಮಣ್ಣಿನ ಮುದ್ದೆಯನ್ನು ಅಲುಗದ ಹಾಗೆ ನಿಲ್ಲಿಸುವುದಕ್ಕೇ ಅವಳಿಗೆ ಒಂದು ಮಳೆಗಾಲ ಹಿಡಿಯಿತು. ಮೊಣಕೈಯನ್ನು ತೊಡೆಗೆ ಊರಿ, ಉಸಿರು ಕಟ್ಟಿ ಒತ್ತಿದರೂ ಮಣ್ಣು ಮೊಂಡು ಮಗುವಿನ ಹಾಗೆ ಬೇರೆ ಕಡೆಗೇ ಎಳೆಯುತ್ತಿತ್ತು. ಮನೆಗೆ ಬಂದರೆ ಉಗುರಿನಲ್ಲಿ ಮಣ್ಣು, ಸೆರಗಿನಲ್ಲಿ ಮಣ್ಣು, ಕೂದಲಲ್ಲಿ ಮಣ್ಣು.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ" ಅಂದ ಗಂಡ. "ಮೊಸರು ಯಾವಾಗ ಬರುತ್ತೆ?"

"ಹಗ್ಗ ಬಿಚ್ಚಿ ಚಿಲಕ ಹಾಕಿದ ದಿನ" ಅಂದಳು.

ದುಂಡಗೆ ಮಾಡುವುದು ಬಂದ ಮೇಲೆ ಮೇಷ್ಟ್ರು ಕುಗ್ಗುವುದರ ವಿಷಯ ಹೇಳಿದರು. "ಮಣ್ಣು ಗಂಡಸಿನ ಜಂಬ ಇದ್ದ ಹಾಗೆ ತಾಯಿ. ಒಣಗುವಾಗ ಒಂದಿಷ್ಟು ಕುಗ್ಗುತ್ತೆ, ಬೆಂಕಿ ತಾಗಿದಾಗ ಇನ್ನೊಂದಿಷ್ಟು. ಬೇರೆಯವರ ಜಾಡಿಗೆ ಮುಚ್ಚಳ ಮಾಡೋದು ಅಂದ್ರೆ ಹುಡುಗಾಟ ಅಲ್ಲ. ಆ ಜಾಡೀನ ತಗೊಂಡ್ ಬಾ, ನೋಡೋಣ."

ಅತ್ತೆ ಒಪ್ಪಲಿಲ್ಲ. "ಜಾಡಿ ಊರು ಸುತ್ತಕ್ಕೆ ಹೋದ್ರೆ ಉಪ್ಪನ್ನ ಎಲ್ಲಿಡ್ಲಿ? ಅಂಗೈಯಲ್ಲಾ?"

ಅತ್ತೆ ಮಧ್ಯಾಹ್ನ ಮಲಗಿದಾಗ ಸೊಸೆ ಒಂದು ಕೆಂಪು ದಾರ ತಂದು ಜಾಡಿಯ ಬಾಯಿಗೆ ಸುತ್ತಿ, ಸರಿಯಾಗಿ ಕೂಡುವಲ್ಲಿ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಮುಂದೆ ಅವಳ ಎಷ್ಟೋ ವರ್ಷದ ಕೆಲಸಕ್ಕೆಲ್ಲ ಅದೇ ಅಳತೆ.

ಮೊದಲನೆಯ ಮುಚ್ಚಳ ಚಿಕ್ಕದಾಗಿ ಉಪ್ಪಿನೊಳಗೇ ಬಿತ್ತು. ಎರಡನೆಯದು ಮಳೆಗೆ ಕೊಡೆ ಹಿಡಿದ ಹಾಗೆ ಜಾಡಿಯ ಸುತ್ತ ಇಳಿಬಿತ್ತು. ಆಮೇಲಿನವು ದಾರದ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಬಂದವು, ಆದರೂ ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ತೊಟ್ಟಿಲ ಹಾಗೆ ತೂಗುತ್ತಿದ್ದವು. ಅತ್ತೆ ಒಂದೊಂದನ್ನೂ ಜಾಡಿಯ ಮೇಲೆ ಇಟ್ಟು, ಎತ್ತಿ, ಸೊಸೆಯ ಕೈಗೇ ಕೊಟ್ಟು ಒಂದೇ ಮಾತು ಹೇಳುತ್ತಿದ್ದರು.

"ಚೆನ್ನಾಗಿದೆ. ಬೇರೆ ಯಾವುದಕ್ಕಾದ್ರೂ ಆಗುತ್ತೆ."

ಮತ್ತೆ ತಟ್ಟೆ. ಠಣ್.

ಇನ್ನೊಬ್ಬಳಾಗಿದ್ದರೆ ಅತ್ತು ಬಿಡುತ್ತಿದ್ದಳು. ಇವಳು ಅತ್ತೆಯ ಮಾತನ್ನು ಆಜ್ಞೆ ಅಂತ ತೆಗೆದುಕೊಂಡಳು. ಬೇರೆ ಯಾವುದಕ್ಕಾದರೂ ಆಗುತ್ತೆ ಅಂದ ಮೇಲೆ ಆ ಬೇರೆ ಯಾವುದೋ ಒಂದು ಇರಬೇಕಲ್ಲ? ಇಲ್ಲದಿದ್ದರೆ ಮಾಡಬೇಕು. ಹೀಗೆ ಕೂರದ ಮುಚ್ಚಳಕ್ಕೆಲ್ಲ ಒಂದೊಂದು ಜಾಡಿ ಮಾಡುತ್ತ ಹೋದಳು. ಬೆಂದು ಗಟ್ಟಿಯಾದ ಮುಚ್ಚಳವನ್ನು ಎದುರಿಗೆ ಇಟ್ಟುಕೊಂಡು, ಹಸಿ ಮಣ್ಣಿನ ಜಾಡಿ ಎಷ್ಟು ಕುಗ್ಗೀತು ಅಂತ ಮನಸ್ಸಿನಲ್ಲೇ ಅಳೆದು, ಅಷ್ಟು ಅಗಲ ಬಿಡುತ್ತಿದ್ದಳು. ಕೈ ಕಲಿತುಬಿಟ್ಟಿತು. ಮುಚ್ಚಳವನ್ನು ನೋಡಿದರೆ ಸಾಕು, ಅದರ ಜಾಡಿ ಅವಳ ಕಣ್ಣಿಗೆ ಕಾಣುತ್ತಿತ್ತು. ಮೇಷ್ಟ್ರು ಹೇಳಿಕೊಟ್ಟ ಬೂದಿಯ ಹೊಳಪು ಹಚ್ಚಿದರೆ ಕೆಲವು ಪಾಚಿಯ ಬಣ್ಣಕ್ಕೆ ಬರುತ್ತಿದ್ದವು, ಕೆಲವು ಸುಟ್ಟ ಬೆಲ್ಲದ ಬಣ್ಣಕ್ಕೆ. ಮುಚ್ಚಳದ ಹಿಡಿಯನ್ನು ಮೊಗ್ಗು, ಮಲಗಿದ ಬೆಕ್ಕು, ಬೆರಳಿನ ತುದಿ ಹೀಗೆ ಒಂದೊಂದು ಥರ ಮಾಡುತ್ತಿದ್ದಳು. ಯಾವುದನ್ನು ಕಂಡರೂ ಅತ್ತೆ "ಇದಕ್ಕೆ ಮೂಗು ಯಾಕೆ?" ಅನ್ನುತ್ತಿದ್ದರು.

ಯಾವ ಜಾಡಿಗೂ ಆಗದಷ್ಟು ಸೊಟ್ಟಗಾದ ಮುಚ್ಚಳಗಳಿಗೆ ಗೀರು ಚಿತ್ರ ಬಿಡಿಸಿ, ಮತ್ತೊಮ್ಮೆ ಸುಟ್ಟು, ಹಿತ್ತಲ ಗೋಡೆಗೆ ನೇತುಹಾಕಿದಳು. ಮನೆ ಸಿಂಗಾರದ ಸಾಮಾನು ಮಾರುವ ಅಂಗಡಿಯಾಕೆ ಬೀಗ ರಿಪೇರಿಗೆ ಬಂದವಳು ಅವನ್ನು ಕಂಡಳು.

"ಇದು ಅಲಂಕಾರಕ್ಕಾ, ಉಪಯೋಗಕ್ಕಾ?"

"ಕೂತಿದ್ರೆ ಉಪಯೋಗಕ್ಕೆ. ಕೂರ್ಲಿಲ್ಲ, ಅದಕ್ಕೇ ಅಲಂಕಾರಕ್ಕೆ."

ಗೋಡೆಯ ಮೇಲಿದ್ದದ್ದೆಲ್ಲ ಅಂಗಡಿಗೆ ಹೋಯಿತು. ಜಾಡಿಗಳೂ ಹೋದವು. ಹಿತ್ತಲಲ್ಲಿ ಒಂದು ಶೆಡ್ಡು ಎದ್ದಿತು. ಅದರೊಳಗೆ ಸ್ವಂತ ತಿಗರಿ, ಪಾತ್ರೆ ಸುಡಲು ಸ್ವಂತ ಕರೆಂಟಿನ ಆವಿಗೆ ಬಂದವು. ಮೇಷ್ಟ್ರೇ ನಿಂತು ಮೊದಲ ಸಲ ಪಾತ್ರೆ ಜೋಡಿಸಿ ಬೇಯಿಸಿಕೊಟ್ಟರು. ಒಂದು ಪ್ರದರ್ಶನದಲ್ಲಿ ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬರು ಕೇಳಿದರು: "ಮುಚ್ಚಳ ಮೊದಲು, ಪಾತ್ರೆ ಆಮೇಲೆ. ಇದರ ಹಿಂದೆ ಏನಿದೆ ಅಂತ ಹೇಳ್ತೀರಾ?"

"ಉಪ್ಪು" ಅಂದಳು.

ಅವರು ಕಣ್ಣು ಮುಚ್ಚಿ ತುಂಬ ಹೊತ್ತು ತಲೆದೂಗಿದರು.

ಊರೆಲ್ಲ ಅವಳ ಮುಚ್ಚಳ ಹಾಕಿಕೊಂಡಿತು. ಅವಳ ಅಡುಗೆಮನೆಯಲ್ಲಿ ಮಾತ್ರ ಠಣ್ ನಿಲ್ಲಲಿಲ್ಲ. ಕೆಲಸ ಹೇಗೆ ನಡೀತಿದೆ ಅಂತ ಯಾರಾದರೂ ಕೇಳಿದರೆ "ಇನ್ನೂ ಆಗಿಲ್ಲ" ಅನ್ನುತ್ತಿದ್ದಳು. ವಿನಯ ಅಂತ ಜನ ತಿಳಿದುಕೊಂಡರು.

ಒಂದು ದಿನ ಮೇಷ್ಟ್ರನ್ನು ಊಟಕ್ಕೆ ಕರೆದಿದ್ದಳು. ಮೇಷ್ಟ್ರಿಗೆ ಆಗಲೇ ವಯಸ್ಸಾಗಿತ್ತು, ಮಂಡಿ ಮಡಚುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅತ್ತೆ ಉಪ್ಪು ಹಾಕಿದರು. ಠಣ್. ಅಂಗಡಿಯಲ್ಲಿ ಗಂಡ ಎದ್ದು ಕೈತೊಳೆಯಲು ಹೋದ.

"ಇದೇನಾ ಆ ಜಾಡಿ?" ಅಂತ ಮೇಷ್ಟ್ರು ಎದ್ದು ಬಂದರು. ತಟ್ಟೆ ಸರಿಸಿ ಜಾಡಿಯ ಬಾಯಿಯ ಒಳಗೆ ಹೆಬ್ಬೆರಳನ್ನು ಒಂದು ಸುತ್ತು ಆಡಿಸಿದರು. ಇನ್ನೊಂದು ಸುತ್ತು ಆಡಿಸಿದರು.

"ತಾಯಿ, ಇದರ ಬಾಯಿ ದುಂಡಗಿಲ್ಲ."

"ಏನಂದ್ರಿ?"

"ಸೊಟ್ಟ. ಕಣ್ಣಿಗೆ ಗೊತ್ತಾಗಲ್ಲ, ಒಂಚೂರು ಮೊಟ್ಟೆ ಆಕಾರ. ನೀನು ಅಳತೆ ತಗೊಂಡಿದ್ದು ಯಾವುದರಲ್ಲಿ?"

ಅವಳು ಪರ್ಸು ತೆಗೆದು ಕೆಂಪು ದಾರ ತೋರಿಸಿದಳು. ಅದು ಬಣ್ಣ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೇಷ್ಟ್ರು ಅದನ್ನು ಬೆರಳಿಗೆ ಸುತ್ತಿ ನೋಡಿದರು.

"ದಾರ ಸುತ್ತಳತೆ ಹೇಳುತ್ತೆ, ಆಕಾರ ಹೇಳಲ್ಲ. ನಾನೂ ಕೇಳ್ಲಿಲ್ಲ. ಇಷ್ಟು ವರ್ಷ ನಿನಗೆ ದುಂಡಗೆ ಮಾಡೋದನ್ನೇ ಕಲಿಸಿದೆ."

"ಕಲಿತೆ ಮೇಷ್ಟ್ರೇ."

"ಅದೇ ತಪ್ಪಾಗಿದ್ದು."

"ಹಾಗಾದ್ರೆ ಹಳೇ ಮುಚ್ಚಳ ಹೇಗೆ ಕೂರ್ತಿತ್ತು?"

"ಅದು ಈ ಜಾಡಿ ಮೇಲೇ ಕೂತು ಬೆಂದದ್ದು. ಜೊತೇಲಿ ಬೆಂದದ್ದು ಜೊತೇಲೇ ಸೊಟ್ಟಗಾಗುತ್ತೆ. ಹಾಗಾಗಿ ಒಂದಕ್ಕೊಂದು ಕೂರುತ್ತೆ."

ಅತ್ತೆ ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು: "ಹೌದು, ಅದನ್ನ ಒಂದೇ ಕಡೆಗೆ ತಿರುಗಿಸಿ ಇಡ್ಬೇಕಿತ್ತು. ಬೇರೆ ಕಡೆ ಇಟ್ರೆ ಕೂರ್ತಿರಲಿಲ್ಲ."

ಸೊಸೆ ಗೋಡೆಗೆ ಒರಗಿಕೊಂಡಳು. "ಇದನ್ನ ಯಾವಾಗ್ಲಾದ್ರೂ ಹೇಳಿದ್ರಾ ಅತ್ತೆ?"

"ಯಾರೂ ಕೇಳ್ಲಿಲ್ಲ" ಅಂದರು ಅತ್ತೆ. "ಮೇಷ್ಟ್ರೇ, ಕೂತ್ಕೊಳ್ಳಿ, ಬಡಿಸ್ತೀನಿ."

ಮಾರನೆಯ ದಿನ ಜಾಡಿಯ ಬಾಯಿಯ ಮೇಲೆ ಹಳೆಯ ಪೇಪರು ಹರಡಿ, ಮಸಿ ಹಚ್ಚಿದ ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ತಿಕ್ಕಿ ಆಕಾರ ಎತ್ತಿಕೊಂಡಳು. ಈ ಸಲ ತಿಗರಿಯ ಹತ್ತಿರ ಹೋಗಲೇ ಇಲ್ಲ. ಕುಗ್ಗುವುದಕ್ಕೆ ಬೇಕಾದಷ್ಟು ದೊಡ್ಡದು ಮಾಡಿ, ಕೈಯಲ್ಲೇ ತಟ್ಟಿ, ಕೈಯಲ್ಲೇ ತಿದ್ದಿದಳು. ಹಿಡಿಗೆ ಒಂದು ಹಕ್ಕಿ ಕೂರಿಸಿದಳು. ಹಕ್ಕಿಯ ಕೊಕ್ಕು ಕಿಟಕಿಯ ಕಡೆಗಿದ್ದರೆ ಮುಚ್ಚಳ ಸರಿಯಾಗಿದೆ ಅಂತ ಗುರುತು.

ಮುಚ್ಚಳ ಕೂತಿತು. ಸದ್ದೇ ಆಗಲಿಲ್ಲ. ಅತ್ತೆ ಎತ್ತಿದರು, ಇಟ್ಟರು, ಮತ್ತೆ ಎತ್ತಿ ಇಟ್ಟರು.

"ಹೂಂ. ಮೂಗು ಬೇರೆ ಇದೆ."

"ಹಕ್ಕಿ ಅತ್ತೆ."

"ಹಕ್ಕಿಗ್ಯಾಕೆ ಉಪ್ಪಿನ ಉಸಾಬರಿ?" ಅಂದರು. ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಸ್ಟ್ಯಾಂಡಿನಲ್ಲಿ ಇಟ್ಟರು.

ಸೊಸೆ ಶೆಡ್ಡಿಗೆ ಹೋಗಿ ಸುಮ್ಮನೆ ಕೂತಳು. ಕೆಲಸ ಆಗಿತ್ತು. ಒಂದು ವಾರದ ಕೆಲಸ. ಈಗ ಕಿವಿ ಖಾಲಿಯಾಗಿತ್ತು, ಕೈಯೂ ಖಾಲಿಯಾಗಿತ್ತು. ಅಂಗಡಿಯಲ್ಲಿ ಗಂಡ ಹಸಿದುಕೊಂಡು ಕೂತೇ ಇದ್ದ. ಊಟ ತಣ್ಣಗಾಗಿ ಮಗಳು ಬಂದು ಕರೆದ ಮೇಲೇ ಎದ್ದದ್ದು.

ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಸೊಸೆ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪೊರೆ ತೆಗೆಸಿದ ಕಣ್ಣು. ಡಾಕ್ಟರು ನೋಡಿ, "ಅಜ್ಜಿ, ಇನ್ನು ನೀವು ಸೂಜಿಗೆ ದಾರ ಪೋಣಿಸಬಹುದು" ಅಂತ ಹೇಳಿ ಕಳಿಸಿದರು. ಇತ್ತ ಮನೆಯಲ್ಲಿ ಗಂಡ ತಾನೇ ಒಂದು ಮೊಟ್ಟೆ ಬೇಯಿಸಿಕೊಂಡು, ಉಪ್ಪು ತೆಗೆದುಕೊಂಡು, ಮುಚ್ಚಳ ಮುಚ್ಚಿದ. ಹಕ್ಕಿ ಒಲೆಯ ಕಡೆಗೆ ನೋಡುತ್ತಿತ್ತು. ಮುಚ್ಚಳ ಕೂರಲಿಲ್ಲ. ಜನ್ಮವಿಡೀ ಬೀಗದ ಜೊತೆ ಬಾಳಿದ ಕೈ. ಅಂಗೈಯಲ್ಲಿ ಒತ್ತಿ, ಕೀಲಿಕೈ ತಿರುಗಿಸಿದ ಹಾಗೆ ಒಂದು ತಿರುವು ಕೊಟ್ಟ. ಕಟಕ್ ಅಂತು. ಸರಿಯಾಯಿತು ಅಂದುಕೊಂಡು ಅಂಗಡಿಗೆ ಹೋದ.

ಹೆಂಗಸರು ಬಂದು ನೋಡಿದರೆ ಮುಚ್ಚಳ ಅಡ್ಡಡ್ಡ ಸಿಕ್ಕಿಕೊಂಡಿದೆ. ಎಳೆದರೂ ಬಾರದು, ತಿರುಗಿಸಿದರೂ ಬಾರದು. ಮಳೆಯ ತೇವಕ್ಕೆ ಉಪ್ಪೂ ಅಂಟುಹಾಕಿದ ಹಾಗೆ ಹಿಡಿದುಕೊಂಡಿತ್ತು. ಗಂಡ ತಂತಿ ತಂದ, ಎಣ್ಣೆ ತಂದ, ಬಿಸಿನೀರಿನ ಬಟ್ಟೆ ಸುತ್ತಿದ, ಕಿವಿಯಿಟ್ಟು ಆಲಿಸಿದ.

"ಊರ ಬೀಗ ಎಲ್ಲ ತೆಗೀತಾನಂತೆ" ಅಂದರು ಅತ್ತೆ. "ಹೆತ್ತ ತಾಯಿ ಉಪ್ಪಿನ ಜಾಡಿ ತೆಗೆಯಕ್ಕೆ ಬರಲ್ಲ."

"ಬೀಗ ಆದ್ರೆ ಒಳಗೆ ಏನಾದ್ರೂ ಇರುತ್ತಮ್ಮ, ತಿರುಗಿಸೋಕೆ. ಇದರಲ್ಲಿ ಏನೂ ಇಲ್ಲ, ಬರೀ ಹಟ."

ಮಧ್ಯಾಹ್ನದ ಅಡುಗೆಗೆ ಪಕ್ಕದ ಮನೆಯಿಂದ ಉಪ್ಪು ಕಡ ತಂದರು. ಸಂಜೆಗೂ ಕಡ ತರುವ ಹೊತ್ತು ಬಂದಾಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎರಡರಲ್ಲಿ ಒಂದನ್ನ ಒಡೀಬೇಕು. ಯಾವುದನ್ನ?"

ಸೊಸೆಯೇ ಹೇಳಿದಳು: "ಮುಚ್ಚಳ ಒಡೀರಿ ಅತ್ತೆ. ಅಳತೆ ಇದೆ, ಇನ್ನೊಂದು ಮಾಡ್ತೀನಿ."

ಹೇಳುವಾಗ ಅವಳು ಹಕ್ಕಿಯನ್ನು ನೋಡಲಿಲ್ಲ. ಅತ್ತೆ ನೋಡಿದರು. ಕುಟ್ಟಾಣಿ ಎತ್ತಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಏಟು ಜಾಡಿಯ ಹೆಗಲಿಗೆ ಬಿತ್ತು. ಕೆನೆ ಬಣ್ಣದ್ದು ಒಂದು ಕಡೆ, ಕಂದು ಬಣ್ಣದ್ದು ಒಂದು ಕಡೆ ಬಿದ್ದು, ಕಟ್ಟೆಯ ತುಂಬ ಉಪ್ಪು ಹರಡಿತು. ಉಪ್ಪಿನ ಗುಡ್ಡೆಯ ಮೇಲೆ ಮುಚ್ಚಳ ಒಂದು ಗೀರೂ ಇಲ್ಲದೆ ಕೂತಿತ್ತು.

"ಕೈ ತಪ್ತು ಕಣೇ" ಅಂದರು ಅತ್ತೆ.

ಸೊಸೆ ಅತ್ತೆಯ ಕಣ್ಣು ನೋಡಿದಳು. ಸೂಜಿಗೆ ದಾರ ಪೋಣಿಸುವ ಕಣ್ಣು.

"ಇರ್ಲಿ ಬಿಡಿ ಅತ್ತೆ" ಅಂದಳು. ಸ್ಟ್ಯಾಂಡಿನಿಂದ ತನ್ನ ತವರಿನ ತಟ್ಟೆ ತೆಗೆದು, ಚೂರು ಸೇರದ ಹಾಗೆ ನೋಡಿ ನೋಡಿ ಉಪ್ಪನ್ನು ಅದಕ್ಕೆ ತುಂಬಿದಳು. "ಸದ್ಯಕ್ಕೆ ನನ್ನ ತಟ್ಟೇಲಿರ್ಲಿ."

ವಿಷಯ ತಿಳಿದು ಮೇಷ್ಟ್ರು ಶೆಡ್ಡಿಗೆ ಬಂದರು. "ಮುಚ್ಚಳ ಬೆಂದಾಗಿದೆ. ಜಾಡಿ ಈಗ ಬೇಯಬೇಕು. ಅದೂ ಸೊಟ್ಟ ಜಾಡಿ. ಕೂರುತ್ತಾ ತಾಯಿ?"

"ನನಗೆ ಬರೋದು ಇದೊಂದೇ ಮೇಷ್ಟ್ರೇ."

ತಿಗರಿಯ ಮೇಲೆ ದುಂಡಗೆ ಎತ್ತಿ, ಬಾಯಿಯ ಹತ್ತಿರ ಎರಡು ಅಂಗೈಯಿಂದ ಮಗುವಿನ ಕೆನ್ನೆ ಒತ್ತುವಷ್ಟು ಮೆಲ್ಲಗೆ ಒತ್ತಿದಳು. ನೆರಳಲ್ಲಿ ಒಣಗಿಸಿದಳು. ಆವಿಗೆಯಲ್ಲಿ ಸುಟ್ಟು, ತಣಿದ ಮೇಲೆ ತೆಗೆದು ಅಡುಗೆಮನೆಗೆ ತಂದು, ಅತ್ತೆಯ ಎದುರಿಗೇ ಮುಚ್ಚಳ ಇಟ್ಟಳು. ಮೊದಲ ಸಲಕ್ಕೇ ಕೂತಿತು.

ಅತ್ತೆ ಉಪ್ಪು ಸುರಿದರು, ಮುಚ್ಚಿದರು, ಹಕ್ಕಿಯ ಕೊಕ್ಕು ಕಿಟಕಿಯ ಕಡೆಗಿದೆಯಾ ನೋಡಿದರು. ಬಗ್ಗಿ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅಳೆದರು.

"ಸ್ವಲ್ಪ ಸೊಟ್ಟ ಇದೆ."

"ಬೇಕು ಅಂತಲೇ ಅತ್ತೆ."

"ಮೊದಲಿನದೂ ಹಾಗೇ ಇತ್ತು" ಅಂದರು. ಬೇರೆ ಯಾವುದಕ್ಕಾದರೂ ಆಗುತ್ತೆ ಅನ್ನಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಸೊಸೆ ಶೆಡ್ಡಿನಲ್ಲಿ ಮಣ್ಣು ನಾದುತ್ತಿದ್ದಳು. ಅತ್ತೆ ಹಿತ್ತಲಿಗೆ ಬಂದವರು ಬಾಗಿಲಲ್ಲಿ ನಿಂತರು. ಹಸಿ ಮಣ್ಣಿನ ಬಕೆಟ್ಟಿನ ಮೇಲೆ ಒಂದು ಹರಕು ಗೋಣಿಚೀಲ ಹೊದಿಸಿತ್ತು.

"ಊರಿಗೆಲ್ಲ ಮುಚ್ಚಳ ಮಾಡ್ತೀಯ. ನಿನ್ನ ಬಕೆಟ್ಟಿಗೆ ಗೋಣಿಚೀಲಾನಾ?"

"ಸದ್ಯಕ್ಕೆ ಅತ್ತೆ."

ಅತ್ತೆ ಸೆರಗಿನ ಮರೆಯಿಂದ ತಟ್ಟೆ ತೆಗೆದರು. ತಿಕ್ಕಿ ತೊಳೆದಿದ್ದರು, ಅಂಚಿನ ನೆಗ್ಗು ಮಾತ್ರ ಹಾಗೇ ಇತ್ತು. "ಇದು ನಿನ್ನದೇ ಅಲ್ವಾ? ತಗೋ." ಬಕೆಟ್ಟಿನ ಮೇಲೆ ಬೋರಲು ಹಾಕಿದರು.

ಠಣ್.

ಸೊಸೆ ತಲೆಯೆತ್ತಿ ಅತ್ತೆಯನ್ನು ನೋಡಿದಳು, ಅತ್ತೆ ಬಕೆಟ್ಟನ್ನು ನೋಡುತ್ತಿದ್ದರು. ಅಷ್ಟರಲ್ಲಿ ಗಂಡ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದ. ಇಬ್ಬರನ್ನೂ ನೋಡಿದ, ಮಣ್ಣಿನ ಬಕೆಟ್ಟನ್ನೂ ನೋಡಿದ.

"ಊಟ ಇಲ್ಲೇನಾ?" ಅಂದ.

ಒಲೆ ಇನ್ನೂ ಹಚ್ಚಿರಲಿಲ್ಲ.